ಮನೆ ಎಲ್ಲಾಯ್ತು ಎಂದು ಕೇಳದ ವನಜಕ್ಕ

"ಅಮ್ಮಾ, ಆ ಟೀಚರಜ್ಜಿಗೆ ನನ್ ಮೇಲೆ ಸಿಟ್ಟಾ?"

ಚಾ ನೀರು ಕುದಿಯುವುದನ್ನು ಕಾಯುತ್ತ ನಿಂತಿದ್ದ ಧನ್ಯಶ್ರೀ ತಿರುಗಿ ನೋಡಿದಳು. ಆರು ವರ್ಷದ ಪೂಜಿತಾ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಕೈಯಲ್ಲಿ ಡ್ರಾಯಿಂಗ್ ಪುಸ್ತಕ, ಮೂಗಿನ ತುದಿಯಲ್ಲಿ ಕೆಂಪು ಕ್ರೇಯಾನಿನ ಗುರುತು.

"ಎಂತಕೆ ಮಗಾ? ಬೈದ್ರಾ?"

"ಬೈಲಿಲ್ಲೆ. ಎಂತದೂ ಕೇಣ್ಲೇ ಇಲ್ಲೆ! ಯಾವ ಕ್ಲಾಸ್ ಅಂದ್ ಕೇಣ್ಲಿಲ್ಲೆ, ಅಪ್ಪ ಎಂತ ಮಾಡ್ತ್ರ್ ಅಂದ್ ಕೇಣ್ಲಿಲ್ಲೆ. ನಾನ್ ಬಿಡ್ಸಿದ್ ಏಡಿ ತೋರ್ಸ್ರೆ, 'ಈ ಏಡಿ ಎಲ್ಲಿಗ್ ಹೊರ್ಟದ್ದ್?' ಅಂದ್ರ್. ಅಷ್ಟೇ."

ಧನ್ಯಶ್ರೀಗೆ ನಗು ಬಂತು. ಮಗುವಿನ ಅನುಮಾನವೇನೂ ತಪ್ಪಲ್ಲ. ಕುಂದಾಪುರದಿಂದ ಬೈಂದೂರಿನ ತನಕ ಯಾವ ಮನೆಯ ಜಗಲಿಗೆ ಯಾರೇ ಬಂದು ಕೂರಲಿ, ಬೆವರು ಒರೆಸಿಕೊಳ್ಳುವ ಮೊದಲೇ ಪ್ರಶ್ನೆ ಶುರುವಾಗುತ್ತದೆ. ಮನಿ ಎಲ್ಲಾಯ್ತ್? ಅಲ್ಲಿ ಯಾರ ಮನಿ? ಅವ್ರಿಗ್ ನೀವ್ ಎಂತ ಆಯ್ಕ್? ನಂಟೇನೆಂಬ ಆ ಮೂರನೆಯದಕ್ಕೆ ಉತ್ತರ ಸಿಕ್ಕಿತೆಂದರೆ ಕೂತವರ ಜಾತಿ ಬಾಯಿಬಿಟ್ಟು ಕೇಳದೆಯೇ ತಿಳಿದ ಹಾಗೆ. ಆಮೇಲೆ ಮಾತನ್ನು ಎಷ್ಟು ಹತ್ತಿರದಿಂದ ಆಡಬೇಕು, ಎಷ್ಟು ದೂರದಿಂದ ಆಡಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಇಷ್ಟನ್ನೂ ಕೇಳದೆ ಸುಮ್ಮನೆ ಕೂರುವವರು ಒಂದೋ ಬಿಗುಮಾನದವರು, ಇಲ್ಲವೇ ಸಿಟ್ಟಿನವರು.

"ಸಿಟ್ಟಲ್ಲ ಮಗಾ. ಅವ್ರ್ ಹಾಂಗೇ. ಮೊದ್ಲ್ ಅವ್ರೂ ಕೇಂತಿದ್ರ್."

"ಮತ್ತೆ ಎಂತಕೆ ಬಿಟ್ರ್?"

ಆ ಪ್ರಶ್ನೆಗೆ ಚಾ ಕುದಿಯುವಷ್ಟರಲ್ಲಿ ಉತ್ತರ ಹೇಳುವುದು ಹೇಗೆ? ಕಿಟಕಿಯಿಂದ ಇಣುಕಿದರೆ ಜಗಲಿಯ ತುದಿ ಕಾಣುತ್ತಿತ್ತು. ವನಜಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಬಟ್ಟೆಯ ಕೈಚೀಲ ಇನ್ನೂ ತೊಡೆಯ ಮೇಲೇ ಇತ್ತು; ಕೆಳಗಿಡಿ ಎಂದರೂ ಇಟ್ಟಿರಲಿಲ್ಲ. ಬೆಳಿಗ್ಗೆ ತ್ರಾಸಿಯ ಈ ಮನೆಗೆ ಫೋನು ಮಾಡಿ ಅವರು ಹೇಳಿದ್ದು ಒಂದೇ ಮಾತು: "ತ್ರಾಸಿಗೆ ಬತ್ತೆ ಹೆಣೆ. ಕಮಲನ ವಿಷ್ಯ ಒಂಚೂರ್ ಮಾತಾಡ್ಕ್."

ಹತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಆಡದೆ ಇಟ್ಟುಕೊಂಡ ಹೆಸರು ಅದು. ಫೋನು ಇಟ್ಟ ಮೇಲೆ ಧನ್ಯಶ್ರೀ ಮೀನು ಕೊಯ್ಯಲು ಕೂತವಳು ಒಂದೇ ಬಂಗುಡೆಯನ್ನು ಮೂರು ಸಲ ತೊಳೆದಿದ್ದಳು.

ವನಜಕ್ಕ ಕೋಡಿಯವರು. ಧನ್ಯಶ್ರೀಯ ತವರೂ ಅಲ್ಲೇ, ನಡುವೆ ನಾಲ್ಕು ಮನೆ. ವನಜಕ್ಕನ ಅಮ್ಮ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಕುಂದಾಪುರ ಪೇಟೆಗೆ ಹೋಗುತ್ತಿದ್ದರು. ಬುಟ್ಟಿಯ ಹಿಂದೆಯೇ ಪಾಟಿಚೀಲ ಹಿಡಿದು ಮಗಳು. ಶಾಲೆಯ ಗೇಟಿನ ಬಳಿ ಅಮ್ಮ ನಿಲ್ಲುತ್ತಿರಲಿಲ್ಲವಂತೆ. "ನೀನ್ ಮುಂದ್ ಹೋಗ್, ನಾನ್ ಬುಟ್ಟಿ ತಕಂಡ್ ಆಚಿ ಬದಿಂದ ಹೋತೆ" ಎನ್ನುತ್ತಿದ್ದರಂತೆ. ಅದನ್ನು ನೆನೆದಾಗಲೆಲ್ಲ ವನಜಕ್ಕನಿಗೆ ಉರಿಯುತ್ತಿತ್ತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಬ್ರಹ್ಮಾವರ ಕಡೆಯ ಒಂದು ಕಾಲೇಜಿನ ಸ್ನಾತಕೋತ್ತರ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ದಿನವೇ ಸ್ಟಾಫ್ ರೂಮಿನ ನಡು ಮೇಜಿನ ಮೇಲೆ ಬುತ್ತಿ ಬಿಚ್ಚಿದ್ದರಂತೆ, ಒಳಗೆ ಸಿಗಡಿ ಸುಕ್ಕ. ಯಾರೋ ಕಿಟಕಿ ತೆರೆದರು. "ಫ್ಯಾನೂ ಹಾಕಿ, ಸೆಕೆ ಇತ್ತ್" ಎಂದು ಇವರು ಊಟ ಮುಂದುವರಿಸಿದರು. ಅತಿಥಿಯಾಗಿ ಸೇರಿದವರು ಇಪ್ಪತ್ತೊಂದು ವರ್ಷ ಅತಿಥಿಯಾಗಿಯೇ ಉಳಿದರು.

ಧನ್ಯಶ್ರೀ ಅದೇ ವಿಭಾಗಕ್ಕೆ ಓದಲು ಸೇರಿದಾಗ ಇಬ್ಬರೂ ಒಂದೇ ಬಸ್ಸು ಹಿಡಿಯುತ್ತಿದ್ದರು. ಬಸ್ಸಿನಲ್ಲಿ ವನಜಕ್ಕ, ಇಳಿದು ಕಾಲೇಜಿನ ಗೇಟು ದಾಟಿದರೆ ಮೇಡಂ. ಮೊದಲ ವಾರ ಒಮ್ಮೆ ಬಾಯಿತಪ್ಪಿ ವರಾಂಡದಲ್ಲಿ "ವನಜಕ್ಕಾ" ಎಂದು ಕರೆದದ್ದಕ್ಕೆ ಸಂಜೆ ಬಸ್ಸಿನಲ್ಲಿ ಪಾಠವಾಗಿತ್ತು.

"ಗೇಟಿನ್ ಒಳ್ಗೆ ನಾನ್ ನಿಂಗೆ ಅಕ್ಕ ಅಲ್ಲ ಹೆಣೆ."

"ಎಂತಕೆ? ಬೇಜಾರಾ?"

"ಬೇಜಾರಲ್ಲ. ನಿಂಗೆ ಅಕ್ಕ ಆರೆ, ಉಳ್ದ ಮಕ್ಳಿಗೆ ನಾನ್ ಎಂತ ಆಯ್ಕ್?"

ಈಗಲೂ ಕಣ್ಣು ಮುಚ್ಚಿದರೆ ಆ ವಿಭಾಗ ಧನ್ಯಶ್ರೀಯ ಮೂಗಿಗೆ ಮೊದಲು ಬರುತ್ತದೆ: ಒದ್ದೆ ಸೀಮೆಸುಣ್ಣ, ಹುಡುಗಿಯರ ಜಡೆಯ ತೆಂಗಿನೆಣ್ಣೆ, ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲದ ಕೆಂಪು ಧೂಳು. ಎರಡು ಕ್ಲಾಸು ಕೋಣೆ, ಒಂದು ಸ್ಟಾಫ್ ರೂಮು, ಕಿಟಕಿಯಾಚೆ ಒಂದು ಗೇರುಮರ. ಮಾರ್ಚಿನಲ್ಲಿ ಪರೀಕ್ಷೆಗೆ ಓದುತ್ತ ಆ ಹಣ್ಣು ಕಚ್ಚಿ ಗಂಟಲು ಕೆರೆಸಿಕೊಳ್ಳದವರೇ ಇರಲಿಲ್ಲ.

ವಿಭಾಗದ ಮುಖ್ಯಸ್ಥೆ ಸಾಲಿಗ್ರಾಮದ ಸ್ವರ್ಣಲತಾ ಮೇಡಂ. ದೇವಸ್ಥಾನದ ಬೀದಿಯ ಮನೆತನ, ಪ್ರೀತಿಯ ಹೆಂಗಸು. ಪರೀಕ್ಷೆಯ ದಿನ ಮಕ್ಕಳಿಗೆ ಹಸಿವಾಗಬಾರದೆಂದು ಮನೆಯಿಂದ ಡಬ್ಬಿಗಟ್ಟಲೆ ಕೊಟ್ಟೆಕಡುಬು ತರುತ್ತಿದ್ದರು. ಕಿರುಪ್ರಬಂಧದ ಮೌಖಿಕ ಪರೀಕ್ಷೆಗೆ ಹುಡುಗರು ನಡುಗುತ್ತ ಒಳಗೆ ಬಂದರೆ, ಹೆದರಿಕೆ ಹೋಗಲಿ ಎಂದು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮನೆ ಎಲ್ಲಾಯ್ತು?"

ಆ ವಿಭಾಗಕ್ಕೆ ಬಂದ ಮೊದಲ ವರ್ಷ ವನಜಕ್ಕನಿಗೆ ಮೌಖಿಕದಲ್ಲಿ ಮೂಲೆಯ ಕುರ್ಚಿ ಸಿಕ್ಕಿತ್ತು, ಹೆಸರು ಕೂಗಿ ಒಳಗೆ ಕರೆಯುವ ಕೆಲಸ. ಕೂತಲ್ಲೇ ಅವರು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದರು, ಯಾರಿಗೆ ಯಾವ ಮಾತು ಎಂದು. ಸಂಜೆ ಎಲ್ಲರೂ ಹೋದ ಮೇಲೆ ಆ ಪುಸ್ತಕವನ್ನು ಸ್ವರ್ಣಲತಾ ಮೇಡಂ ಮುಂದಿಟ್ಟರು. ಒಬ್ಬ ಹುಡುಗನ ಹೆಸರಿನ ಮುಂದೆ: 'ಓ, ನಿಮ್ಮ ಅಜ್ಜ ನಮ್ಮಲ್ಲಿಗೆ ಬರ್ತಿದ್ರು! ಕೂತ್ಕೊಳ್ಳಿ. ಅಧ್ಯಯನ ಮಾಡುವಾಗ ಎಲ್ಲಿ ಕಷ್ಟ ಆಯ್ತು ಹೇಳಿ.' ಸಮುದ್ರದ ಬದಿಯ ಒಬ್ಬ ಹುಡುಗಿಯ ಹೆಸರಿನ ಮುಂದೆ: 'ಹಾಂ. ಅಲ್ಲಿಯಾ. ಸರಿ. ಸಿದ್ಧಾಂತ ಹೇಳಿ.' ಪುಟದ ತುಂಬ ಹೀಗೆಯೇ.

"ನಾನ್ ಪ್ರೀತಿಲಿ ಕೇಣುದ್ ಮಾರಾಯ್ತಿ!" ಎಂದರಂತೆ ಸ್ವರ್ಣಲತಾ ಮೇಡಂ, ಮುಖ ಕೆಂಪಾಗಿ.

"ಪ್ರೀತಿಯೇ ಮೇಡಂ. ಆರೆ ಉತ್ತರ ಕೇಂಡ್ ಮೇಲೆ ಆ ಪ್ರೀತಿ ಕೆಲವ್ರ ಹತ್ರ ನಿಲ್ಲತ್ತ್, ಕೆಲವ್ರನ್ ದಾಟಿ ಹೋತ್ತ್."

ಎರಡು ದಿನ ಮುಖ್ಯಸ್ಥೆ ಮಾತು ಬಿಟ್ಟರು. ಮೂರನೇ ದಿನ ಪುಸ್ತಕ ವಾಪಸು ಕೊಟ್ಟು, "ನನ್ನ ಮಗನಿಗೆ ಓದಿ ಹೇಳ್ದೆ. ಅವ ನಕ್ಕ. ನಂಗೆ ನಗು ಬರ್ಲಿಲ್ಲ" ಎಂದರು. ಮುಂದಿನ ವರ್ಷದಿಂದ ಮನೆ, ನಂಟಿನ ಆ ಮೂರು ಪ್ರಶ್ನೆ ಮೌಖಿಕದಿಂದ ಹೋದವು. ಪ್ರತಿಯೊಬ್ಬರೂ ತಮ್ಮ ಅಧ್ಯಯನದ್ದೇ ಒಂದು ವಸ್ತುವನ್ನೋ ಫೋಟೋವನ್ನೋ ತಂದು ಮೇಜಿನ ಮೇಲಿಟ್ಟು, ಅಲ್ಲಿಂದ ಮಾತು ಶುರುಮಾಡುವ ಕ್ರಮ ಬಂತು. ಕಿರುಪರೀಕ್ಷೆಯ ಉತ್ತರಪತ್ರಿಕೆಗೆ ಹೆಸರು ಬರೆಯುವಂತಿಲ್ಲ; ಹಾರ್ಲಿಕ್ಸ್ ಬಾಟಲಿಯಿಂದ ಚೀಟಿ ಎತ್ತಿ ಬಂದ ನಂಬರು ಬರೆಯಬೇಕು. "ಇದೆಂತ ಪರೀಕ್ಷೆಯಾ ಲಾಟ್ರಿಯಾ?" ಎಂದು ಒಬ್ಬ ಉಪನ್ಯಾಸಕರು ಗೊಣಗಿದರು. ಆದರೆ ಮೊದಲ ಸಲ ಹೆಸರಿಲ್ಲದ ಪತ್ರಿಕೆ ತಿದ್ದಿ, ಯಾರದ್ದೆಂದು ಬಿಚ್ಚಿ ನೋಡಿದ ದಿನ ಅವರು ಬಹಳ ಹೊತ್ತು ಚಾ ಮುಟ್ಟಲಿಲ್ಲವಂತೆ.

ಇವೆಲ್ಲ ಧನ್ಯಶ್ರೀ ಸೇರುವ ಮೊದಲಿನ ಕತೆ. ಅವಳ ಕಾಲದ್ದೆಂದರೆ ಮುತ್ತಜ್ಜನ ಪಾಠ.

ಮುತ್ತ ಎಂಬುದು ಹೆಸರು; ಅವಳ ಸ್ವಂತ ಅಜ್ಜ. ರಂಪಣಿ ಬಲೆ ಎಳೆದು ಎಳೆದು ಅಂಗೈ ಚಪ್ಪಲಿಯಂತಾದವನು. ಪಠ್ಯದಲ್ಲಿ ಕರಾವಳಿಯ ಮೀನುಗಾರರ ಬಗ್ಗೆ ಇದ್ದದ್ದು ಒಂದೂವರೆ ಸಾಲು, ಅದರಲ್ಲಿ 'ಹಿಂದುಳಿದ' ಎಂಬುದು ಎರಡು ಸಲ. ವನಜಕ್ಕ ಪುಸ್ತಕ ಮಡಚಿಟ್ಟು, "ಇದನ್ ಬರೆದವರಿಗಿಂತ ಗೊತ್ತಿಪ್ಪವರನ್ನ ಕರ್ಸುವ" ಎಂದು ಮುತ್ತಜ್ಜನಿಗೆ ವಿಭಾಗದ ಮುದ್ರೆಯೊತ್ತಿದ ಆಹ್ವಾನಪತ್ರ ಕಳಿಸಿದರು. ಅಜ್ಜ ಆ ಕಾಗದವನ್ನು ಪಡಸಾಲೆಯ ಗೋಡೆಗೆ ಅಂಟಿಸಿದ.

ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದ ಅಜ್ಜ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಕಳಚಲು ಹೋದ. "ಹಾಯ್ಕಂಡೇ ಬನ್ನಿ ಮುತ್ತಣ್ಣ, ಇದ್ ದೇವಸ್ಥಾನ ಅಲ್ಲ" ಎಂದರು ವನಜಕ್ಕ. ಅಜ್ಜ ಬೋರ್ಡಿನ ಮೇಲೆ ಅರ್ಧಚಂದ್ರದ ಹಾಗೆ ಬಲೆ ಬರೆದ. ಒಂದು ತುದಿ ದಡದಲ್ಲಿ, ಇನ್ನೊಂದನ್ನು ದೋಣಿ ಸುತ್ತಿಸಿ ತರುವುದು, ಎರಡೂ ಬದಿಯಿಂದ ಊರೇ ನಿಂತು ಎಳೆಯುವುದು. ಆಮೇಲೆ ಮೀನಿನ ಪಾಲು. ಜ್ವರ ಬಂದು ಮಲಗಿದವನ ಮನೆಗೂ ಪಾಲುಂಟು, ಗಂಡ ಸತ್ತವಳ ಮನೆಗೂ ಉಂಟು.

ಮುಂದಿನ ಬೆಂಚಿನ ರಕ್ಷಿತ್ ಎದ್ದು ನಿಂತ. "ಬಲೆ ಎಳೆಯದವರಿಗೂ ಪಾಲು ಕೊಡುವುದು ಸರಿಯಾ ಅಜ್ಜ?"

"ಹ್ವಾಯ್, ನೀವ್ ಕ್ಲಾಸಿಗ್ ಬರ್ದೆ ಹಾಜ್ರಿ ತಕಂತಿಲ್ಯಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ರಕ್ಷಿತನೂ ನಕ್ಕ. ಹಿಂದೆ ನಿಂತಿದ್ದ ಸ್ವರ್ಣಲತಾ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುವಿಗೋ ಮತ್ತೆ ಯಾವುದಕ್ಕೋ. ಅಂದು ಧನ್ಯಶ್ರೀ ನೆಲದ ಮೇಲೆ ನಡೆಯಲಿಲ್ಲ. ಅಷ್ಟು ದಿನ ಕೋಡಿ ಎಂದು ಹೇಳುವಾಗ ದನಿ ತಗ್ಗುತ್ತಿದ್ದವಳು, ಸಂಜೆ ಬಸ್ಸಿನಲ್ಲಿ ಕಂಡಕ್ಟರಿಗೂ ಕೇಳಿಸುವ ಹಾಗೆ ಅಜ್ಜನ ಕತೆ ಹೇಳಿದಳು.

ಕೇಳುತ್ತ ಬದಿಯಲ್ಲಿ ಕೂತಿದ್ದವಳು ಕಮಲ.

ಕಮಲ ಬೈಂದೂರಿನಾಚೆಯ ಒಂದು ಕಾಲೊನಿಯವಳು. ಮಾತು ಕಡಿಮೆ, ನೋಟ ಹೆಚ್ಚು. ದಿನವೂ ಬೈಂದೂರಿನಲ್ಲಿ ಬಸ್ಸು ಹತ್ತಿ, ಕುಂದಾಪುರದಲ್ಲಿ ಹತ್ತುವ ಧನ್ಯಶ್ರೀಗೆ ತನ್ನ ಬದಿಯ ಸೀಟು ಕೊಡುತ್ತಿದ್ದಳು.

"ಇಷ್ಟ್ ರಶ್ಶಲ್ಲಿ ಹ್ಯಾಂಗೆ ಸೀಟ್ ಹಿಡ್ದ್ ಇಡ್ತೆ ಮಾರಾಯ್ತಿ?" ಎಂದು ಧನ್ಯಶ್ರೀ ಕೇಳಿದ್ದಳು.

"ಹಿಡಿಯುದೆಂತ? ನನ್ ಬದಿ ಸೀಟ್ ಕುಂದಾಪ್ರದ ತನಕ ಖಾಲಿಯೇ ಇರತ್ತ್. ನಮ್ಮ ಕಡೆಯವ್ರಿಗೆಲ್ಲ ನನ್ ಗುರ್ತ ಇತ್ತಲ್ಲ" ಎಂದು ಕಮಲ ನಕ್ಕಿದ್ದಳು. ಅವಳ ಕಿರುಪ್ರಬಂಧವೂ ಅದೇ: ಹೆದ್ದಾರಿಯ ಬಸ್ಸುಗಳಲ್ಲಿ ಯಾರ ಬದಿಯಲ್ಲಿ ಯಾರು ಕೂರುತ್ತಾರೆ, ಯಾರು ಬಂದರೆ ಯಾರು ಏಳುತ್ತಾರೆ. ಎರಡು ತಿಂಗಳು ಟಿಕೆಟಿನ ಹಿಂದೆಯೇ ಗುರುತು ಹಾಕಿಕೊಂಡು, ಮೊದಲ ಕರಡನ್ನು ಕೈಯಲ್ಲೇ ಬರೆದು ವನಜಕ್ಕನಿಗೆ ಕೊಟ್ಟಾಗಿತ್ತು. ಅದಿನ್ನೂ ಅವರ ಮೇಜಿನ ಮೇಲಿತ್ತು, ಓದಿರಲಿಲ್ಲ.

ಕಮಲಳ ಬುತ್ತಿ ಬರುತ್ತಿದ್ದದ್ದು ಒಂದು ಪುಟ್ಟ ಬುಟ್ಟಿಯಲ್ಲಿ, ಕಾಡುಬಳ್ಳಿ ಸೀಳಿ ಹೆಣೆದದ್ದು. ಎಷ್ಟು ಚಂದ ಎಂದು ಧನ್ಯಶ್ರೀ ಹೊಗಳಿದ್ದಕ್ಕೆ, ಕಿಟಕಿಯಾಚೆ ನೋಡುತ್ತ, "ಅಜ್ಜಿ ಹೆಣಿದ್ದ್" ಎಂದಿದ್ದಳು. ಮಾತು ಅಲ್ಲಿಗೇ ನಿಂತಿತ್ತು. ಯಾರಿಗೂ ಹೇಳಬೇಡ ಎಂದೇನೂ ಅವಳು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ, ಮರುದಿನದಿಂದ ಬುತ್ತಿ ಸ್ಟೀಲಿನ ಡಬ್ಬಿಯಲ್ಲಿ ಬರತೊಡಗಿತ್ತು. ಅಷ್ಟಾದರೂ ಧನ್ಯಶ್ರೀಗೆ ಅದು ಹೊಳೆಯಲಿಲ್ಲ. ಅಜ್ಜನ ಪಾಠದ ಅಮಲಿನಲ್ಲಿದ್ದಳು.

ಕಮಲ ರಜೆ ಹಾಕಿದ ಒಂದು ದಿನ ಬಸ್ಸಿನಲ್ಲಿ ವನಜಕ್ಕನಿಗೆ ಧನ್ಯಶ್ರೀಯೇ ಹೇಳಿದಳು: "ವನಜಕ್ಕಾ, ಕಮಲನ ಅಜ್ಜಿ ಎಂಥಾ ಬುಟ್ಟಿ ಹೆಣಿತ್ರ್ ಗೊತ್ತಿತ್ತಾ? ಅವ್ರನ್ನೂ ಕರ್ಸ್ಲಕ್ಕಲ್ದಾ?"

ವನಜಕ್ಕನ ಕಣ್ಣು ಹೊಳೆಯಿತು. "ಹೌದಾ! ನೀನ್ ಹೇಳಿದ್ದ್ ಒಳ್ಳೇದಾಯ್ತ್ ಕಾಣ್."

ಗುರುವಾರದ ಕ್ಲಾಸು. ಪಾಠ ಮುಗಿಯುವ ಹೊತ್ತಿಗೆ ವನಜಕ್ಕ ಬಾಯಿತುಂಬ ನಗುತ್ತ, "ಕಮಲ, ಮುಂದಿನ ವಾರ ನಿನ್ನ ಅಜ್ಜಿಯನ್ನ ಕರ್ಕೊಂಡು ಬಾ. ಬುಟ್ಟಿ ಹೆಣೆಯುವ ವಿದ್ಯೆ ನಮಗೆಲ್ಲ ಕಲಿಸ್ಲಿ. ನಿಮ್ಮವರ ಬಗ್ಗೆ ನೀನೇ ನಾಲ್ಕು ಮಾತು ಹೇಳ್ಬೇಕು" ಎಂದರು.

ಇಪ್ಪತ್ತೆರಡು ತಲೆಗಳು ಒಟ್ಟಿಗೆ ತಿರುಗಿದವು. ಬುಟ್ಟಿ ಹೆಣೆಯುವುದು ಎಂಬ ಒಂದು ಮಾತೇ ಸಾಕಾಗಿತ್ತು, ಈ ಸೀಮೆಯಲ್ಲಿ ಅದರ ಮೇಲೆ ಜಾತಿ ತಿಳಿಯಲು ಎರಡನೇ ಪ್ರಶ್ನೆ ಬೇಡ. ಒಂದೂವರೆ ವರ್ಷ ಬರೀ ಕಮಲ ಆಗಿದ್ದವಳು ಆ ಗಳಿಗೆಯಲ್ಲಿ ಬೇರೆ ಏನೋ ಆದಳು. ಅವಳು ಎದ್ದು ನಿಂತು, "ಆಯ್ತು ಮೇಡಂ" ಎಂದಳು. ನಕ್ಕಳು ಕೂಡ. ಸಂಜೆ ಬಸ್ಸಿನಲ್ಲಿ ಧನ್ಯಶ್ರೀ ಕುಂದಾಪುರದಲ್ಲಿ ಇಳಿಯುವ ತನಕ ಕಮಲ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸೋಮವಾರ ಕಮಲ ಬರಲಿಲ್ಲ. ಮತ್ತೆ ಎಂದೂ ಬರಲಿಲ್ಲ. ಧನ್ಯಶ್ರೀ ಆಗ ದಿನಚರಿ ಬರೆಯುತ್ತಿದ್ದಳು. ಆ ವಾರದ ಐದು ಪುಟಗಳಲ್ಲಿ ಇರುವುದು ಒಂದೇ ಸಾಲು, 'ಬದಿಯ ಸೀಟು ಖಾಲಿ.'

ಮೂರನೇ ವಾರ ವನಜಕ್ಕ, ಧನ್ಯಶ್ರೀ ಇಬ್ಬರೂ ಬೈಂದೂರಿಗೆ ಹೋದರು. ಕಾಲೊನಿಯ ತುದಿಮನೆ. ಅಂಗಳದಲ್ಲಿ ಕಮಲಳ ಅಜ್ಜಿ ಕಾಲು ಚಾಚಿ ಕೂತು ಬಳ್ಳಿ ಸೀಳುತ್ತಿದ್ದರು. ಬಾಗಿಲ ಬಳಿ ಕಮಲಳ ನೀಲಿ ಪಟ್ಟಿಯ ಚಪ್ಪಲಿ ಇತ್ತು.

"ಕಮಲ ಇತ್ತಾ ಅಮ್ಮ?" ಎಂದರು ವನಜಕ್ಕ.

"ಇಲ್ಲೆ."

ವನಜಕ್ಕ ಚಪ್ಪಲಿ ನೋಡಿದರು, ಅಜ್ಜಿಯನ್ನು ನೋಡಿದರು, ಮತ್ತೆ ಕೇಳಲಿಲ್ಲ. ಅಜ್ಜಿ ಚಾಪೆ ಹಾಸಿ ಕೂರಿಸಿದರು. ಮತ್ತೆ ಬಳ್ಳಿ ಸೀಳುತ್ತ ಅಜ್ಜಿಯೇ ಹೇಳಿದರು.

"ನೀವ್ ಕರ್ದದ್ದ್ ಗೊತ್ತಾಯ್ತ್ ಮೇಡಂ. ನಾನ್ ಬತ್ತಿದ್ದೆ, ನಂಗೆಂತ ನಾಚ್ಕಿ ಇಲ್ಲೆ, ನನ್ ಕೈಕೆಲ್ಸ ಇದ್. ಆರೆ ಅವ್ಳ್ ಅಲ್ಲಿಗ್ ಹೋದದ್ದ್ ಓದುಕೆ. ನನ್ ಮೊಮ್ಮಗ್ಳ್ ಅಂದ್ ತೋರ್ಸ್ಕಂಬ್ಕಲ್ಲ."

ವಾಪಸು ಬರುವಾಗ ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ ಎರಡೂ ಬೆಳಗುತ್ತಿದ್ದವು. ವನಜಕ್ಕ ಯಾವ ಕಡೆಗೂ ನೋಡಲಿಲ್ಲ. ಕುಂದಾಪುರ ಬರುವಾಗ ಒಂದೇ ಮಾತು ಆಡಿದರು: "ನನ್ನ ಅಮ್ಮನ ಬುಟ್ಟಿನ ನಾನ್ ತಲಿ ಮೇಲೆ ಹೊತ್ಕಂಡ್ ತಿರ್ಗ್ತೆ, ಅದ್ ನನ್ನ ಖುಷಿ. ನೀನೂ ನಿನ್ ಬುಟ್ಟಿ ಹೊರು ಅಂದ್ ಅವ್ಳಿಗೆ ಹೇಳುಕೆ ನಾನ್ ಯಾರ್?"

ಮತ್ತೆ ಅವರು ಆ ಕಾಲೊನಿಗೆ ಹೋಗಲಿಲ್ಲ. ಬಾಗಿಲಿಗೆ ಬಂದು ನಿಂತರೆ ಅದೂ ಒಂದು ಒತ್ತಾಯವೇ ಎಂದರು. ಸ್ವರ್ಣಲತಾ ಮೇಡಂ 'ನಾನ್ ಕೇಂಡ್ರೆ ತಪ್ಪ್, ನೀವ್ ಹೇಳ್ರೆ ಸರಿಯಾ' ಎಂದು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ಹಾಜರಿ ಪುಸ್ತಕದಿಂದ ಕಮಲಳ ಹೆಸರು ಹೊಡೆಯಲು ಹೊರಟ ಗುಮಾಸ್ತನಿಗೆ, "ಇರ್ಲಿ ಬಿಡಿ" ಎಂದಷ್ಟೇ ಹೇಳಿದರು. ವರ್ಷ ಮುಗಿಯುವ ತನಕ ಆ ಹೆಸರು ದಿನವೂ ಕೂಗಲ್ಪಟ್ಟಿತು.

ಮುಂದಿನ ಜೂನಿನಿಂದ ವನಜಕ್ಕ ಪ್ರತಿ ವರ್ಷದ ಮೊದಲ ಕ್ಲಾಸಿನಲ್ಲಿ, ಹೆಸರು ಹೇಳದೆ, ತಾನು ಮಾಡಿದ ಆ ತಪ್ಪನ್ನೇ ಪಾಠ ಮಾಡುತ್ತಿದ್ದರಂತೆ. "ನಿಮ್ಮ ಮನೆ, ಊರು, ಹಿರಿಯರ ಕೆಲಸ, ನೀವಾಗಿ ಹೇಳಿದ್ರೆ ಕೇಳ್ತೇನೆ. ನಾನಾಗಿ ಕೇಳುವುದಿಲ್ಲ. ಹೇಳದೆ ಇರ್ಲಿಕ್ಕೂ ನಿಮಗೆ ಹಕ್ಕುಂಟು." ಹೊರಗಿನಿಂದ ಯಾರನ್ನು ಪಾಠಕ್ಕೆ ಕರೆಯುವುದಿದ್ದರೂ, ಅವರ ಮಕ್ಕಳು ಮೊಮ್ಮಕ್ಕಳು ಕ್ಲಾಸಿನಲ್ಲಿದ್ದರೆ, ಮೊದಲು ಅವರನ್ನು ಒಬ್ಬರನ್ನೇ ಕರೆದು ಕೇಳುವುದು, ಬೇಡ ಎಂದರೆ ಅಲ್ಲಿಗೇ ಬಿಡುವುದು. ಕ್ಲಾಸಿನ ಅಭ್ಯಾಸ ಬರಬರುತ್ತ ಮನೆಗೂ ಬಂತು, ಬಸ್ಸಿಗೂ ಬಂತು. ಮದುವೆಮನೆಯಲ್ಲಿ ಬದಿಯಲ್ಲಿ ಕೂತವರ ಊರನ್ನೂ ಕೇಳದೆ ಊಟ ಮುಗಿಸಿ ಬರುವ ವನಜಕ್ಕನಿಗೆ ಕೋಡಿಯ ಹೆಂಗಸರು ಒಂದು ಹೆಸರನ್ನೂ ಇಟ್ಟರು, 'ಬಾಯಿಗ್ ಬೀಗ' ಎಂದು.

ಚಾ ಸೋಸಿ, ಹುರಿದ ಬಂಗುಡೆ ಎರಡು ತಟ್ಟೆಗೆ ಹಾಕಿ ಧನ್ಯಶ್ರೀ ಜಗಲಿಗೆ ಬಂದಳು. ಪೂಜಿತಾ ಮೊದಲೇ ಓಡಿ ಬಂದು ಟೀಚರಜ್ಜಿಯ ಎದುರು ನಿಂತಿದ್ದಳು.

"ನಂಗೆ ಒಂದನೇ ಕ್ಲಾಸ್. ಅಪ್ಪ ಗಂಗೊಳ್ಳಿಂದ ಬೋಟಿಗ್ ಹೋತ್ರ್, ಅನೂಪ್ ಅಂದ್ ಹೆಸ್ರ್. ನೀವ್ ಕೇಣ್ಲಿಲ್ಲೆ, ನಾನೇ ಹೇಳ್ದೆ."

"ಹೌದಾ! ಹೇಳಿದ್ದ್ ಒಳ್ಳೇದಾಯ್ತ್ ಕಾಣ್. ಮತ್ತೆ ಆ ಏಡಿ?"

"ಅದಿನ್ನೂ ಹೇಳ್ಲಿಲ್ಲೆ."

"ಅವಸರ ಇಲ್ಲೆ, ಅದಕ್ಕೆ ಮನಸ್ಸ್ ಬಂದಾಗ ಹೇಳ್ಲಿ."

ಮಗು ಸಮಾಧಾನವಾಗಿ ಏಡಿಗೆ ಇನ್ನೆರಡು ಕಾಲು ಬಿಡಿಸಲು ಅಂಗಳಕ್ಕೆ ಇಳಿಯಿತು.

ವನಜಕ್ಕ ಚಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಈ ವರ್ಷದ ನೇಮಕದ ಆದೇಶದಲ್ಲಿ ನನ್ನ ಹೆಸ್ರಿಲ್ಲೆ ಹೆಣೆ. ಪ್ರಾಯ ಆಯ್ತಲ್ಲ. ಅತಿಥಿಗೆ ನಿವೃತ್ತಿ ಎಂತದ್, ಎದ್ದ್ ಹೋಪ್ದ್ ಅಷ್ಟೇ. ಮೊನ್ನೆ ಕಪಾಟ್ ಖಾಲಿ ಮಾಡ್ದೆ. ಹಳೇ ಪತ್ರಿಕೆ, ಹಾಜ್ರಿ ಪುಸ್ತಕ ಎಲ್ಲ ಗುಜರಿಗೆ ಹೋಯ್ತ್. ಹಾರ್ಲಿಕ್ಸ್ ಬಾಟ್ಲಿ ಅಲ್ಲೇ ಇಟ್ಟ್ ಬಂದೆ, ಹೊಸಬರಿಗೆ ಬೇಕಂಬ್ರ್."

ಚೀಲದಿಂದ ಒಂದು ಫೈಲು ಹೊರಬಂತು. ತಿಳಿಹಸಿರು ರಟ್ಟು, ದಾರದ ಗಂಟು. ಬಿಚ್ಚುವ ಮೊದಲೇ ಧನ್ಯಶ್ರೀಗೆ ಆ ಅಕ್ಷರ ನೆನಪಾಯಿತು, ಬಸ್ಸಿನ ಕುಲುಕಾಟದಲ್ಲೂ ಸಾಲು ತಪ್ಪದ ದುಂಡು ಅಕ್ಷರ. ನಲವತ್ತಮೂರು ಪುಟ. ಹಿಂದೆ ಒಂದು ಲಕೋಟೆಯಲ್ಲಿ ಗುರುತು ಹಾಕಿದ ಬಸ್ ಟಿಕೆಟುಗಳು, ಈಗ ಅವುಗಳ ಅಚ್ಚು ಮಾಸಿ ಕಮಲಳ ಪೆನ್ನಿನ ಗುರುತಷ್ಟೇ ಉಳಿದಿತ್ತು.

"ಅವ್ಳ್ ಬಪ್ದ್ ಬಿಟ್ಟ್ ಮೇಲೆ ಓದ್ದೆ ನಾನಿದನ್ನ. ಮೊದ್ಲೇ ಓದಿದ್ರೆ ಬುಟ್ಟಿ ಸುದ್ದಿಗ್ ಹೋತಿರ್ಲಿಲ್ಲೆ. ಅವ್ಳಿಗೆ ಹೇಳ್ಕಾದದ್ದೆಲ್ಲ ಇಲ್ಲೇ ಇತ್ತ್, ಅವ್ಳದ್ದೇ ಮಾತಲ್ಲಿ. ಇಷ್ಟ್ ವರ್ಷದಲ್ಲಿ ಇಂಥಾದ್ದ್ ಇನ್ನೊಂದ್ ನನ್ ಕೈಗ್ ಬರ್ಲಿಲ್ಲೆ." ವನಜಕ್ಕ ರಟ್ಟಿನ ಮೇಲೆ ಕೈಯಾಡಿಸಿದರು. "ಕ್ಲಾಸಲ್ಲಿ ಓದಿ ಹೇಳುಕೆ ಎಷ್ಟ್ ಸಲ ಆಸೆ ಆಯ್ತ್ ಗೊತ್ತಿತ್ತಾ? ಒಂದ್ ಸಾಲೂ ಓದ್ಲಿಲ್ಲೆ. ಅದ್ ಅವ್ಳದ್ದ್."

ಧನ್ಯಶ್ರೀ ಬೈಂದೂರಿನ ಹೈಸ್ಕೂಲಿನಲ್ಲಿ ಟೀಚರಾಗಿ ಎರಡು ವರ್ಷ. ಬಸ್‌ಸ್ಟ್ಯಾಂಡಿನ ಬದಿಯ ಕಟ್ಟಡದಲ್ಲಿ 'ಜೆರಾಕ್ಸ್, ಟೈಪಿಂಗ್, ಸ್ಪೈರಲ್ ಬೈಂಡಿಂಗ್' ಎಂಬ ಬೋರ್ಡಿನ ಹಿಂದೆ ಕಮಲ ಕೂತಿರುವುದನ್ನು ಅವಳು ಮೊದಲ ದಿನವೇ ಕಂಡಿದ್ದಳು. ಊರಿನ ಮಕ್ಕಳ ಪ್ರಾಜೆಕ್ಟುಗಳನ್ನೆಲ್ಲ ಟೈಪು ಮಾಡಿ, ತಪ್ಪು ತಿದ್ದಿ, ಹೊಲಿದು ಕೊಡುವವಳು ಅವಳೇ. ಶಾಲೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಬೇಕಾದಾಗ ಧನ್ಯಶ್ರೀ ಮಾತ್ರ ಬಿಸಿಲಲ್ಲಿ ಅರ್ಧ ಮೈಲಿ ನಡೆದು ಬೇರೆ ಅಂಗಡಿಗೆ ಹೋಗುತ್ತಿದ್ದಳು. ಇದನ್ನು ಕೋಡಿಗೆ ಹೋದಾಗ ತಾಯಿಯ ಹತ್ತಿರ ಒಮ್ಮೆ ಹೇಳಿದ್ದಳು. ಅಲ್ಲಿಂದ ವನಜಕ್ಕನ ಕಿವಿಗೆ ನಾಲ್ಕೇ ಮನೆ ದೂರ.

"ಅಕ್ಕಾ, ಬುಟ್ಟಿ ವಿಷ್ಯ ನಿಮ್ಗೆ ಹೇಳಿದ್ದ್ ನಾನೇ ಅಂದ್ ಅವ್ಳಿಗೆ ಗೊತ್ತಿತ್ತಾ?"

ವನಜಕ್ಕ ಅವಳ ಮುಖ ನೋಡಿದರು. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ಅವರಿಗೆ ಅಂದೂ ಇರಲಿಲ್ಲ.

"ಗೊತ್ತಿಲ್ದೆ ಇರತ್ತಾ? ಬಸ್ಸಲ್ಲಿ ಅವ್ಳ್ ಬದಿ ಕೂಕಂತಿದ್ದದ್ದ್ ನೀನೊಬ್ಳೇ."

ಅಂಗಳದಲ್ಲಿ ಪೂಜಿತಾ ಏಡಿಯೊಡನೆ ಏನೋ ಮಾತಾಡುತ್ತಿದ್ದಳು. ಹೆದ್ದಾರಿಯಲ್ಲಿ ಬೈಂದೂರಿನ ಬಸ್ಸೊಂದು ಹಾರನ್ ಹಾಕಿ ಹೋಯಿತು. ಧನ್ಯಶ್ರೀ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಫೈಲಿಗೆ ಕೈ ಚಾಚಿದಳು. "ಕೊಡಿ ಅಕ್ಕಾ. ನಾಳೆಯೇ ಕೊಟ್ಟ್ ಬತ್ತೆ."

ವನಜಕ್ಕ ಕೊಡಲಿಲ್ಲ. ದಾರ ಮತ್ತೆ ಕಟ್ಟಿ, ಗಂಟು ಬಿಗಿಮಾಡಿ, ಫೈಲನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು.

"ಹಾಂಗಲ್ಲ. ನಂಗೊಂದ್ ಉಪಕಾರ ಮಾಡ್ಕ್ ನೀನ್. ನಾಳೆ ಬರೀ ಕೈಯಲ್ಲಿ ಹೋಗ್. ಗಿರಾಕಿ ಇಲ್ದ ಹೊತ್ತ್ ನೋಡಿ ಹೋಗ್. ನಿನ್ ಮಾತ್ ನೀನ್ ಎಂತ ಹೇಳ್ಕೋ ಹೇಳ್, ಅದ್ ನಿಂಗೂ ಅವ್ಳಿಗೂ. ಆಮೇಲೆ, 'ನೀನ್ ಬರ್ದದ್ದ್ ವನಜನ ಹತ್ರ ಜೋಪಾನ ಇತ್ತ್, ನಿಂಗ್ ಬೇಕಾ' ಅಂದ್ ಕೇಣ್. ನನ್ ಕ್ಷಮಿಸು ಅಂದ್ ನನ್ ಪರವಾಗಿ ಕೇಣ್ಬೇಡ, ಅದ್ ಅವ್ಳಿಗೆ ಮತ್ತೊಂದ್ ಭಾರ. ಬೇಕ್ ಅಂದ್ರೆ ನಂಗೊಂದ್ ಫೋನ್ ಮಾಡ್, ನಾನ್ ತಂದ್ ನಿನ್ ಕೈಗ್ ಕೊಡ್ತೆ."

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಸುಮ್ನೆ ಬಾ. ಎಂತಕೆ ಅಂದ್ ಮಾತ್ರ ಕೇಣ್ಬೇಡ."